ಗೋಡೆಯಾಚೆ ಮಲಗಿದವರ ಲೆಕ್ಕ: ಅಲ್ಪಾವಧಿ ಬಾಡಿಗೆ ಮನೆಗಳ ಸದ್ದಿನ ನಿಯಮಗಳು

ರಾತ್ರಿ ಹನ್ನೊಂದೂವರೆ. ಎರಡು ದಿನಕ್ಕೆಂದು ಬಾಡಿಗೆಗೆ ಪಡೆದ ಮನೆಯ ತಾರಸಿಯ ಮೇಲೆ ಹತ್ತು ಮಂದಿ ಸ್ನೇಹಿತರು ಕುರ್ಚಿ ಎಳೆದುಕೊಂಡು ಕುಳಿತಿದ್ದಾರೆ. ಸ್ಪೀಕರ್ ಇಲ್ಲ, ಕುಣಿತವಿಲ್ಲ, ಜಗಳವಂತೂ ಇಲ್ಲವೇ ಇಲ್ಲ. ಬಹಳ ವರ್ಷಗಳ ಮೇಲೆ ಒಂದೆಡೆ ಸೇರಿದವರ ಮಾತು, ನಡುನಡುವೆ ಒಂದು ಜೋರು ನಗು, ಅಷ್ಟೇ. ಅಷ್ಟರಲ್ಲಿ ಮಾಲೀಕರ ಫೋನ್ ಬರುತ್ತದೆ. ಪಕ್ಕದ ಮನೆಯವರು ದೂರು ಹೇಳಿದ್ದಾರೆ, ದಯವಿಟ್ಟು ಎಲ್ಲರೂ ಒಳಗೆ ಹೋಗಿ ಎನ್ನುತ್ತಾರೆ. ಅತಿಥಿಗಳಿಗೆ ಇದು ಅರ್ಥವಾಗುವುದಿಲ್ಲ. ಮಾತನಾಡುವುದೂ ತಪ್ಪೇ, ಯಾವ ನಿಯಮವನ್ನು ಮುರಿದೆವು ಎಂದು ಅವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಆ ಹೊತ್ತಿನಲ್ಲಿ ಅದಕ್ಕೆ ಸಮಾಧಾನವಾಗಿ ಉತ್ತರ ಹೇಳುವ ಸ್ಥಿತಿಯಲ್ಲಿ ಮಾಲೀಕರೂ ಇರುವುದಿಲ್ಲ, ನಿದ್ದೆಗೆಟ್ಟ ನೆರೆಯವರೂ ಇರುವುದಿಲ್ಲ.

ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಕೊಡುವ ಮನೆಗಳಲ್ಲಿ ಸದ್ದಿನ ನಿಯಮಗಳು ಗೋಜಲಾಗಿ ಕಾಣುವುದಕ್ಕೆ ಕಾರಣವಿದೆ. ಅತಿಥಿ ತಾನು ಹಣ ಕೊಟ್ಟು ಪಡೆದ ಜಾಗದ ಒಳಗೆ ನಿಂತು ಯೋಚಿಸುತ್ತಾನೆ, ಮಾಲೀಕ ತನ್ನ ಆಸ್ತಿಯ ಒಳಗೆ ನಿಂತು ಯೋಚಿಸುತ್ತಾನೆ. ನಿಯಮ ಮಾತ್ರ ಇವರಿಬ್ಬರ ಜಾಗದಿಂದಲೂ ಬರೆದದ್ದಲ್ಲ. ಅದು ಗೋಡೆಯ ಆಚೆ ಮಲಗಿರುವವರ ಜಾಗದಿಂದ ಬರೆದದ್ದು. ಸದ್ದು ಎಲ್ಲಿ ಹುಟ್ಟಿತು ಎಂಬುದಕ್ಕಿಂತ ಎಲ್ಲಿ ಕೇಳಿಸಿತು ಎಂಬುದೇ ಅಲ್ಲಿ ಮುಖ್ಯ. ಈ ಒಂದು ಸಂಗತಿ ಮನಸ್ಸಿನಲ್ಲಿ ನಿಂತರೆ ಉಳಿದದ್ದೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು, ಈ ಮನೆಗಳಿಗೆ ಬೇರೆಯದೇ ಆದ ನಿಯಮ ಯಾಕೆ ಬೇಕಾಯಿತು ಎಂಬುದನ್ನು ನೋಡೋಣ. ಪಕ್ಕದ ಮನೆಯಲ್ಲಿ ಖಾಯಂ ಆಗಿ ವಾಸಿಸುವವರು ಒಂದು ರಾತ್ರಿ ಗದ್ದಲ ಮಾಡಿದರೆ ಮರುದಿನ ಬೆಳಗ್ಗೆ ಮೆಟ್ಟಿಲ ಬಳಿ ಮುಖಾಮುಖಿಯಾಗುತ್ತಾರೆ. ಒಂದು ಮಾತು ಆಡಬಹುದು, ಮುನಿಸಿಕೊಳ್ಳಬಹುದು, ಮುಂದಿನ ಸಲ ಅವರೇ ಎಚ್ಚರ ವಹಿಸಬಹುದು. ಸಾಮಾನ್ಯ ಶಬ್ದ ಕಾನೂನು ಕೂಡ ಇದೇ ಊಹೆಯ ಮೇಲೆ ನಿಂತಿದೆ. ದೂರು, ಎಚ್ಚರಿಕೆ, ನೋಟಿಸು, ವಿಚಾರಣೆ, ದಂಡ ಎಂಬ ಅದರ ಹೆಜ್ಜೆಗಳೆಲ್ಲ ತಪ್ಪು ಮಾಡಿದವರು ನಾಳೆಯೂ ಅಲ್ಲೇ ಸಿಗುತ್ತಾರೆ ಎಂದು ನಂಬಿಕೊಂಡಿವೆ. ಅಲ್ಪಾವಧಿ ಬಾಡಿಗೆಯಲ್ಲಿ ಈ ನಂಬಿಕೆಯೇ ಕುಸಿದು ಬೀಳುತ್ತದೆ. ನೋಟಿಸು ಸಿದ್ಧವಾಗುವ ಹೊತ್ತಿಗೆ ಅತಿಥಿ ಚೆಕ್‌ಔಟ್ ಮಾಡಿ ಹೋಗಿರುತ್ತಾನೆ, ಅದೇ ಹಾಸಿಗೆಗೆ ಬೇರೆ ಹೊದಿಕೆ ಬಿದ್ದಿರುತ್ತದೆ, ಹೊಸ ಗುಂಪೊಂದು ಏನೂ ತಿಳಿಯದೆ ಅದೇ ತಾರಸಿಗೆ ಕುರ್ಚಿ ಎಳೆದುಕೊಳ್ಳುತ್ತಿರುತ್ತದೆ. ಪ್ರತಿ ಅತಿಥಿಯ ಮಟ್ಟಿಗೆ ಅದು ಮೊದಲ ತಪ್ಪು. ನೆರೆಯವರ ಮಟ್ಟಿಗೆ ಅದು ಆ ತಿಂಗಳ ಐದನೆಯ ರಾತ್ರಿ. ಹೀಗಾಗಿ ಅನೇಕ ಊರುಗಳ ಆಡಳಿತಗಳು ಹೊಣೆಯನ್ನು ಬಂದುಹೋಗುವವರಿಂದ ಸರಿಸಿ, ಊರು ಬಿಟ್ಟು ಹೋಗದ ಆಸ್ತಿಯ ಮೇಲೆ, ಅಂದರೆ ಮಾಲೀಕರ ಮೇಲೆ, ಹೊರಿಸಿವೆ. ಮಾಲೀಕರಲ್ಲಿ ಹಲವರಿಗೆ ಇದು ಅನ್ಯಾಯವೆನಿಸುತ್ತದೆ. ಅತಿಥಿಯನ್ನು ಆರಿಸುವವರು, ಅವರಿಂದ ಆದಾಯ ಪಡೆಯುವವರು, ಅವರನ್ನು ತಡೆಯಬಲ್ಲವರು ಮೂರೂ ಒಬ್ಬರೇ ಆಗಿರುವಾಗ ಹೊಣೆಯೂ ಅವರದೇ ಆಗುವುದು ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಒಂದೇ ಮನೆಗೆ ಏಕಕಾಲಕ್ಕೆ ನಾಲ್ಕು ಬಗೆಯ ನಿಯಮಗಳು ಅನ್ವಯಿಸಬಹುದು: ದೇಶದ ಅಥವಾ ರಾಜ್ಯದ ಶಬ್ದ ಕಾನೂನು, ಊರಿನ ಆಡಳಿತ ಬಾಡಿಗೆ ಮನೆಗಳಿಗೆ ಕೊಡುವ ಪರವಾನಗಿಯ ಷರತ್ತು, ಅಪಾರ್ಟ್‌ಮೆಂಟ್ ಆಗಿದ್ದರೆ ನಿವಾಸಿಗಳ ಸಂಘದ ಕಟ್ಟಳೆ, ಕೊನೆಗೆ ಬುಕಿಂಗ್ ಮಾಡುವಾಗ ಅತಿಥಿ ಒಪ್ಪಿಕೊಂಡ ಮನೆಯ ನಿಯಮ. ಇವು ಒಂದನ್ನೊಂದು ಅಳಿಸುವುದಿಲ್ಲ, ಒಂದರ ಮೇಲೊಂದು ಕೂರುತ್ತವೆ. ಕಾನೂನು ರಾತ್ರಿ 11ರಿಂದ ಎಂದರೂ ಸಂಘದ ಕಟ್ಟಳೆ 10ರಿಂದ ಎಂದಿದ್ದರೆ ಅಲ್ಲಿ ಉಳಿದುಕೊಂಡವರಿಗೆ 10 ಗಂಟೆಯೇ ಗಡಿ. ಇದಕ್ಕೆ ವಿರುದ್ಧವಾದದ್ದು ಮಾತ್ರ ನಡೆಯುವುದಿಲ್ಲ. ಮಧ್ಯರಾತ್ರಿಯವರೆಗೆ ಹಾಡು ಹಾಕಬಹುದು ಎಂದು ಮಾಲೀಕರು ಲಿಖಿತವಾಗಿ ಅನುಮತಿ ಕೊಟ್ಟಿದ್ದರೂ ಊರಿನ ನಿಯಮದ ಮುಂದೆ ಆ ಕಾಗದಕ್ಕೆ ಬೆಲೆಯಿಲ್ಲ. ಮಾಲೀಕರೇ ಒಪ್ಪಿದ್ದಾರೆ ಎನ್ನುವ ಅತಿಥಿಯ ಮಾತು ಬಾಗಿಲಿಗೆ ಬಂದ ಪೊಲೀಸರ ಎದುರು ಉಪಯೋಗಕ್ಕೆ ಬಾರದಿರುವುದು ಇದೇ ಕಾರಣಕ್ಕೆ.

ನಿಯಮಗಳ ಒಳಹೊಕ್ಕು ನೋಡಿದರೆ ಅವು ಸದ್ದನ್ನು ಹಿಡಿಯುವುದು ಮೂರು ವಿಧದಲ್ಲಿ: ಗಂಟೆಯಿಂದ, ಅಂಕಿಯಿಂದ, ಕಿವಿಯಿಂದ. ಒಂದಕ್ಕಿಂತ ಹೆಚ್ಚು ವಿಧಗಳನ್ನು ಬೆರೆಸಿಕೊಂಡ ಕಾನೂನುಗಳೂ ಇವೆ.

ಭಾರತದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಇದಕ್ಕೆ ಒಳ್ಳೆಯ ಉದಾಹರಣೆ. ಅವುಗಳ ಪ್ರಕಾರ ರಾತ್ರಿ ಎಂದರೆ 10 ಗಂಟೆಯಿಂದ ಬೆಳಗಿನ 6 ಗಂಟೆಯವರೆಗೆ. ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನಿಶ್ಶಬ್ದ ವಲಯವೆಂದು ಗುರುತಿಸಿದ ಕಡೆ ಅದು 50 ಮತ್ತು 40ಕ್ಕೆ ಇಳಿಯುತ್ತದೆ. ಖಾಸಗಿ ಸೌಂಡ್ ಸಿಸ್ಟಮ್‌ನ ಸದ್ದು ಆ ಜಾಗದ ಗಡಿಯಲ್ಲಿ ಅಳೆದಾಗ ಪ್ರದೇಶದ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಕೂಡದು. ಇಷ್ಟು ಅಂಕಿಯ ಮಾತು. ಇದರ ಜೊತೆಗೆ, ರಾತ್ರಿಯ ಹೊತ್ತಿನಲ್ಲಿ ಧ್ವನಿವರ್ಧಕವನ್ನಾಗಲಿ ಸದ್ದು ಮಾಡುವ ಉಪಕರಣವನ್ನಾಗಲಿ ಸಭಾಂಗಣದಂಥ ಮುಚ್ಚಿದ ಜಾಗದ ಹೊರತು ಬಳಸುವಂತಿಲ್ಲ ಎಂಬ ಗಂಟೆಯ ನಿಯಮವೂ ಇದೆ. ದೂರು ಕೊಡುವುದಕ್ಕೂ ಹೀಗೆಯೇ ಎರಡು ದಾರಿ. ಸದ್ದು ಮಿತಿಯನ್ನು 10 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಮೀರಿದ್ದರೆ ದೂರಬಹುದು. ರಾತ್ರಿಯ ನಿರ್ಬಂಧವೇ ಮುರಿದಿದ್ದರೆ ಆ ಕಾರಣಕ್ಕೂ ದೂರಬಹುದು. ತೆರೆದ ಅಂಗಳದಲ್ಲಿ ರಾತ್ರಿ ಹನ್ನೊಂದಕ್ಕೆ ಸ್ಪೀಕರ್ ಹಚ್ಚಿದ ಅತಿಥಿ, ಸದ್ದು ಕಡಿಮೆಯೇ ಇತ್ತಲ್ಲ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ.

ಇಂಗ್ಲೆಂಡಿನ 1996ರ ಶಬ್ದ ಕಾಯ್ದೆ ಅಂಕಿಯನ್ನು ಇನ್ನೂ ಸೂಕ್ಷ್ಮವಾಗಿ ಬಳಸುತ್ತದೆ. ಅಲ್ಲಿ ರಾತ್ರಿ ಎಂದರೆ 11ರಿಂದ 7ರವರೆಗೆ. ಅಳತೆ ನಡೆಯುವುದು ಸದ್ದು ಮಾಡಿದ ಮನೆಯಲ್ಲಲ್ಲ, ದೂರು ಕೊಟ್ಟವರ ಮನೆಯ ಒಳಗೆ. ಆ ಕೋಣೆಯ ಸಹಜ ಹಿನ್ನೆಲೆ ಸದ್ದು 24 ಡೆಸಿಬೆಲ್ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅನುಮತಿ 34ರವರೆಗೆ. ಹಿನ್ನೆಲೆಯೇ ಹೆಚ್ಚಿದ್ದರೆ ಅದರ ಮೇಲೆ 10 ಡೆಸಿಬೆಲ್‌ವರೆಗೆ. ಎಚ್ಚರಿಕೆಯ ನೋಟಿಸು ಕೊಟ್ಟ ಮೇಲೆ ಸದ್ದು ತಗ್ಗಿಸಲು ಕನಿಷ್ಠ 10 ನಿಮಿಷ ಸಿಗುತ್ತದೆ, ಆಮೇಲೆ ಬೆಳಗಿನ 7ರವರೆಗೆ ಆ ನೋಟಿಸು ಜಾರಿಯಲ್ಲಿರುತ್ತದೆ. ಅಂದರೆ ಒಂದೇ ಸದ್ದು ದೊಡ್ಡ ರಸ್ತೆಯ ಬದಿಯಲ್ಲಿ ತಪ್ಪಲ್ಲದೆ ಹೋಗಬಹುದು, ನಿಶ್ಶಬ್ದವಾದ ಓಣಿಯಲ್ಲಿ ತಪ್ಪಾಗಬಹುದು. ಪಟ್ಟಣದ ಗದ್ದಲದಿಂದ ದೂರವಿರಲೆಂದು ಪ್ರಶಾಂತ ಜಾಗ ಹುಡುಕಿ ಬಂದ ಅತಿಥಿಗೆ ಈ ತರ್ಕ ತಿರುಗಿ ಬಡಿಯುತ್ತದೆ: ಜಾಗ ಪ್ರಶಾಂತವಾದಷ್ಟೂ ಅವನ ಸದ್ದಿಗಿರುವ ಅವಕಾಶ ಕಿರಿದು.

ಫ್ರಾನ್ಸಿನ ಸಾರ್ವಜನಿಕ ಆರೋಗ್ಯ ಸಂಹಿತೆಯು ನೆರೆಹೊರೆಯ ಸದ್ದನ್ನು ಅದರ ಅವಧಿ, ಅದರ ಪುನರಾವರ್ತನೆ, ಅದರ ತೀವ್ರತೆ ಎಂಬ ಮೂರು ಮಾನದಂಡಗಳಿಂದ ನೋಡುತ್ತದೆ. ಮೂರರಲ್ಲಿ ಯಾವುದಾದರೂ ಒಂದು ನೆಮ್ಮದಿ ಕೆಡಿಸಿದರೆ ಸಾಕು, ಅದು ಹಗಲೇ ಆಗಿರಲಿ ರಾತ್ರಿಯೇ ಆಗಿರಲಿ. ಅಮೆರಿಕದ ಹಲವು ಊರುಗಳು ಯಂತ್ರವನ್ನೇ ಬದಿಗಿಟ್ಟು ಕಿವಿಯನ್ನು ನಂಬುತ್ತವೆ. ಮಯಾಮಿ-ಡೇಡ್ ಕೌಂಟಿಯಲ್ಲಿ ರಾತ್ರಿ 11ರಿಂದ ಬೆಳಗಿನ 7ರ ನಡುವೆ 100 ಅಡಿ ದೂರಕ್ಕೆ ಸ್ಪಷ್ಟವಾಗಿ ಕೇಳುವ ಸದ್ದು ನಿಯಮಭಂಗ. ಕ್ಯಾಲಿಫೋರ್ನಿಯಾದ ಪಾಮ್ ಸ್ಪ್ರಿಂಗ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿನ ರಜಾ ಬಾಡಿಗೆ ಮನೆಗಳಲ್ಲಿ ಸ್ಪೀಕರಿನ ಹಾಡು ಹಗಲಾಗಲಿ ರಾತ್ರಿಯಾಗಲಿ ಆಸ್ತಿಯ ಗಡಿಯಾಚೆ ಕೇಳಿಸಲೇಬಾರದು. ಒಂದು ದೃಷ್ಟಿಯಲ್ಲಿ ಇದು ಕಠಿಣ, ಇನ್ನೊಂದು ದೃಷ್ಟಿಯಲ್ಲಿ ಅತಿಥಿಗೆ ಇದಕ್ಕಿಂತ ಸುಲಭವಾದ ನಿಯಮವಿಲ್ಲ. ಬೇಲಿಯ ಬಳಿ ಹೋಗಿ ನಿಂತು ಕೇಳಿಸಿಕೊಂಡರೆ ಉತ್ತರ ಸಿಕ್ಕಿಬಿಡುತ್ತದೆ.

ಈಗ ಮೊದಲಿನ ತಾರಸಿಗೆ ಮರಳೋಣ. ಅಲ್ಲಿ ಕುಳಿತವರು ತಪ್ಪು ಮಾಡಿದ್ದರೇ, ಇಲ್ಲವೇ? ಇದಕ್ಕೆ ಡೆಸಿಬೆಲ್ ಎಂಬ ಅಳತೆಯ ಸ್ವಭಾವ ಗೊತ್ತಿರಬೇಕು, ಏಕೆಂದರೆ ಅದು ಕಿಲೋಗ್ರಾಮಿನಂತೆ, ಮೀಟರಿನಂತೆ ನೇರವಾಗಿ ಕೂಡುವ ಅಳತೆಯಲ್ಲ. ಸದ್ದಿನ ಶಕ್ತಿ ಎರಡು ಪಟ್ಟಾದರೆ ಡೆಸಿಬೆಲ್ ಏರುವುದು ಸುಮಾರು 3 ಮಾತ್ರ, ಹತ್ತು ಪಟ್ಟಾದರೆ 10. ಆ 10ರ ಏರಿಕೆ ನಮ್ಮ ಕಿವಿಗೆ ಸುಮಾರು ಎರಡರಷ್ಟು ಜೋರಾಗಿ ಕೇಳಿಸುತ್ತದೆ. ಹಾಗಾಗಿ 45ಕ್ಕೂ 55ಕ್ಕೂ ಇರುವುದು ಸಣ್ಣ ಅಂತರವಲ್ಲ. ದೂರದ ಲೆಕ್ಕವೂ ಇದೆ: ಬಯಲಿನಲ್ಲಿ, ಅಡ್ಡ ಏನೂ ಇಲ್ಲದಾಗ, ದೂರ ಎರಡು ಪಟ್ಟಾದ ಹಾಗೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ.

ಒಬ್ಬ ವ್ಯಕ್ತಿಯ ಸಾಮಾನ್ಯ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ಹತ್ತು ಮಂದಿಯಲ್ಲಿ ಒಂದೇ ಹೊತ್ತಿಗೆ ಐವರು ಮಾತನಾಡುತ್ತಿದ್ದಾರೆ ಎಂದುಕೊಂಡರೆ ಅದಕ್ಕೆ 7 ಸೇರಿ 67 ಆಗುತ್ತದೆ. ನೆರೆಯವರ ಕಿಟಕಿ ಹದಿನಾರು ಮೀಟರ್ ದೂರದಲ್ಲಿದ್ದರೆ ಒಂದರಿಂದ ಎರಡು, ಎರಡರಿಂದ ನಾಲ್ಕು, ನಾಲ್ಕರಿಂದ ಎಂಟು, ಎಂಟರಿಂದ ಹದಿನಾರು ಎಂದು ನಾಲ್ಕು ಸಲ ದೂರ ಇಮ್ಮಡಿಯಾಯಿತು. ಆರರಂತೆ 24 ಕಳೆದರೆ ಉಳಿದದ್ದು 43. ಎಲ್ಲರೂ ಮೆಲ್ಲನೆ ಹರಟುತ್ತಿದ್ದರೆ 45ರ ಮಿತಿಯ ಅಂಚಿನಲ್ಲಿ ಇದ್ದಾರೆ. ಆದರೆ ಗುಂಪಿನಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. ಪಕ್ಕದವರ ಮಾತನ್ನು ದಾಟಿ ತನ್ನ ಮಾತು ಕೇಳಿಸಬೇಕೆಂದು ಪ್ರತಿಯೊಬ್ಬರೂ ತಮಗೇ ತಿಳಿಯದಂತೆ ದನಿ ಏರಿಸುತ್ತಾರೆ; ಒಬ್ಬರು ಏರಿಸಿದ್ದಕ್ಕೆ ಇನ್ನೊಬ್ಬರು ಏರಿಸುತ್ತಾರೆ. ಒಬ್ಬೊಬ್ಬರ ದನಿ 6 ಡೆಸಿಬೆಲ್ ಏರಿದರೂ ಕಿಟಕಿಯ ಬಳಿ 49 ಆಯಿತು. ಸ್ಪೀಕರಿನ ಸುಳಿವೇ ಇಲ್ಲದೆ, ಬರಿಯ ಸಂತೋಷದ ಮಾತಿನಿಂದಲೇ, ಗಡಿ ದಾಟಿಹೋಯಿತು. ನಡುವೆ ಬರುವ ಒಂದು ಜೋರು ನಗುವನ್ನು ನಾವಿನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇದು ಅಂದಾಜಿನ ಲೆಕ್ಕ. ಗೋಡೆ, ಮರ, ಇಳಿಜಾರು ಇವೆಲ್ಲ ಅದನ್ನು ಒಂದಿಷ್ಟು ಬದಲಿಸುತ್ತವೆ. ರಾತ್ರಿಯ ಹವೆ ಮಾತ್ರ ಅತಿಥಿಗೆ ವಿರುದ್ಧವಾಗಿಯೇ ಕೆಲಸ ಮಾಡುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ನೆಲ ಬೇಗ ತಣಿದು, ನೆಲಕ್ಕೆ ಹತ್ತಿರದ ಗಾಳಿ ಮೇಲಿನ ಗಾಳಿಗಿಂತ ತಂಪಾಗುತ್ತದೆ. ಆಗ ಮೇಲಕ್ಕೆ ಹೋಗಿ ಚದುರಬೇಕಾದ ಸದ್ದು ಬಾಗಿ ಮತ್ತೆ ಕೆಳಗಿಳಿಯುತ್ತದೆ. ಕೆರೆಯ, ಸರೋವರದ ದಂಡೆಯ ಮನೆಗಳಲ್ಲಿ ಈ ಪರಿಣಾಮ ಇನ್ನೂ ಹೆಚ್ಚು. ಆಚೆ ದಡದ ಮಾತು ಪಕ್ಕದಲ್ಲೇ ಆಡಿದಂತೆ ಕೇಳುವುದನ್ನು ನೀರಿನ ಬದಿಯಲ್ಲಿ ರಾತ್ರಿ ಕಳೆದವರೆಲ್ಲ ಬಲ್ಲರು. ಮೇಲಾಗಿ ಹಗಲಿನಲ್ಲಿ ಸದ್ದನ್ನು ಮುಚ್ಚಿಹಾಕುತ್ತಿದ್ದ ವಾಹನಗಳ, ಕೆಲಸಗಳ ಗದ್ದಲವೂ ಆ ಹೊತ್ತಿಗೆ ಅಡಗಿರುತ್ತದೆ. ಸಂಜೆ ಆರಕ್ಕೆ ಯಾರೂ ಗಮನಿಸದಿದ್ದ ಅದೇ ಮಾತುಕತೆ ರಾತ್ರಿ ಹನ್ನೊಂದೂವರೆಗೆ ದೂರಿಗೆ ಕಾರಣವಾಗುವುದು ನೆರೆಯವರ ಅಸಹನೆಯಿಂದಲ್ಲ.

ಮಲಗಿರುವವರ ಪಾಲಿಗೆ ಎಷ್ಟು ಸದ್ದು ಹೆಚ್ಚು? ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಮಲಗುವ ಕೋಣೆಯ ಒಳಗೆ ನಿರಂತರ ಸದ್ದು 30 ಡೆಸಿಬೆಲ್ ಮೀರದಿರುವುದು, ಬಿಡಿಬಿಡಿಯಾಗಿ ಬರುವ ಸದ್ದು 45 ಮೀರದಿರುವುದು ಒಳ್ಳೆಯ ನಿದ್ದೆಗೆ ಬೇಕು ಎಂದಿತು. 2009ರಲ್ಲಿ ಯುರೋಪಿಗಾಗಿ ಹೊರತಂದ ರಾತ್ರಿ ಶಬ್ದದ ಮಾರ್ಗಸೂಚಿಯಲ್ಲಿ ಮನೆಯ ಹೊರಗಿನ ವಾರ್ಷಿಕ ಸರಾಸರಿಗೆ 40 ಎಂಬ ಗುರಿಯನ್ನು ಇಟ್ಟಿತು. ಬಿಡಿಬಿಡಿಯಾಗಿ ಬರುವ ಸದ್ದಿನ ವಿಚಾರ ಬಾಡಿಗೆ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ್ದು. ನಿದ್ದೆ ಕೆಡಿಸುವುದು ಪಾರ್ಟಿಯೊಂದೇ ಅಲ್ಲ. ರಾತ್ರಿ ಒಂದು ಗಂಟೆಗೆ ಬಂದಿಳಿದ ಅತಿಥಿಯ ಸೂಟ್‌ಕೇಸು ಮೆಟ್ಟಿಲ ಮೇಲೆ ಒಂದೊಂದೇ ಹಂತ ಟಕ್ ಟಕ್ ಎಂದು ಏರುತ್ತದೆ. ಬಾಗಿಲ ಬಳಿ ಕೋಡ್ ಒತ್ತುವಾಗ ಲಾಕು ಪ್ರತಿ ಅಂಕಿಗೂ ಬೀಪ್ ಎನ್ನುತ್ತದೆ, ತಪ್ಪು ಕೋಡ್ ಆದರೆ ಉದ್ದನೆಯ ಬೀಪ್. ಯಾವ ಸ್ವಿಚ್ಚು ಎಲ್ಲಿದೆ ಎಂದು ಒಬ್ಬರು ಇನ್ನೊಬ್ಬರನ್ನು ಕೂಗಿ ಕೇಳುತ್ತಾರೆ. ಕೊನೆಗೆ ಬಾಗಿಲು ಧಡಾರ್ ಎಂದು ಮುಚ್ಚಿಕೊಳ್ಳುತ್ತದೆ. ಇದರಲ್ಲಿ ಯಾವುದೂ ಅರ್ಧ ನಿಮಿಷಕ್ಕಿಂತ ಹೆಚ್ಚು ಇರುವುದಿಲ್ಲ, ಯಾವ ಮೀಟರಿನ ಸರಾಸರಿಯಲ್ಲೂ ಸಿಗುವುದಿಲ್ಲ. ಆದರೆ ಕೆಳಗಿನ ಮನೆಯಲ್ಲಿ ಎಚ್ಚರವಾದ ಮಗು ಮತ್ತೆ ಮಲಗುವುದಕ್ಕೆ ಒಂದು ತಾಸು ಹಿಡಿಯುತ್ತದೆ, ಬೆಳಗಿನ ನಾಲ್ಕಕ್ಕೆ ವಿಮಾನ ಹಿಡಿಯಲು ಹೊರಡುವ ಮತ್ತೊಬ್ಬ ಅತಿಥಿ ಅದನ್ನು ಮತ್ತೆ ಎಬ್ಬಿಸುತ್ತಾನೆ. ಹೀಗೆ ನೆಲದ ಮೂಲಕ, ಗೋಡೆಯ ಮೂಲಕ ಹರಿಯುವ ಬಡಿತದ ಸದ್ದಿಗೆ ಕಿಟಕಿ ಮುಚ್ಚುವುದು ಪರಿಹಾರವಲ್ಲ. ಸೂಟ್‌ಕೇಸನ್ನು ಎತ್ತಿಕೊಂಡು ಬರುವುದು, ಕುರ್ಚಿಯ ಕಾಲಿಗೆ ಫೆಲ್ಟ್ ಅಂಟಿಸುವುದು, ಬಾಗಿಲಿಗೆ ನಿಧಾನವಾಗಿ ಮುಚ್ಚುವ ಕ್ಲೋಸರ್ ಹಾಕಿಸುವುದು, ನಡೆದಾಡುವ ಜಾಗಕ್ಕೆ ದಪ್ಪ ಜಮಖಾನೆ ಹಾಸುವುದು ಇದಕ್ಕೆ ಮದ್ದು. ಮಾಲೀಕರು ಒಮ್ಮೆ ಮಾಡಿಸಿದರೆ ಸಾಕು, ಪ್ರತಿ ಅತಿಥಿಗೂ ಹೇಳುತ್ತಾ ಕೂರಬೇಕಿಲ್ಲ.

ಹಾಡಿನ ಬೇಸ್ ಸದ್ದಿನದು, ಅಂದರೆ ಅದರ ತಗ್ಗಿನ ಸ್ವರಗಳದು, ಬೇರೆಯೇ ಕಥೆ. ಸಾಮಾನ್ಯವಾಗಿ ಬಳಸುವ ಡೆಸಿಬೆಲ್ ಅಳತೆಯು ಮನುಷ್ಯರ ಕಿವಿಯನ್ನು ಅನುಕರಿಸಲೆಂದು ತಗ್ಗಿನ ಸ್ವರಗಳಿಗೆ ದೊಡ್ಡ ರಿಯಾಯಿತಿ ಕೊಡುತ್ತದೆ. 63 ಹರ್ಟ್ಜ್‌ನ ಸದ್ದಿಗೆ ಈ ರಿಯಾಯಿತಿ ಸುಮಾರು 26 ಡೆಸಿಬೆಲ್. ಇತ್ತ ಗೋಡೆಗಳು ಎತ್ತರದ ಸ್ವರಗಳನ್ನು ಚೆನ್ನಾಗಿ ತಡೆಯುತ್ತವೆ, ತಗ್ಗಿನ ಸ್ವರಗಳನ್ನು ಅಷ್ಟು ತಡೆಯಲಾರವು. ಪರಿಣಾಮವಾಗಿ ಪಕ್ಕದ ಮನೆಯವರಿಗೆ ಹಾಡಿನ ಸಾಹಿತ್ಯವೂ ಕೇಳುವುದಿಲ್ಲ, ರಾಗವೂ ಕೇಳುವುದಿಲ್ಲ, ಧಮ್ ಧಮ್ ಎಂಬ ಬಡಿತ ಮಾತ್ರ ದಿಂಬಿನ ಒಳಗಿಂದ ಬಂದಂತೆ ಕೇಳುತ್ತದೆ. ಮೀಟರು ಮಾತ್ರ ಎಲ್ಲ ಸರಿಯಿದೆ ಎನ್ನುತ್ತದೆ. ಸ್ಪೀಕರನ್ನು ನೆಲದ ಮೇಲೆ ಅಥವಾ ಗೋಡೆಗೆ ಆನಿಸಿ ಇಟ್ಟರೆ ಇದು ಇನ್ನೂ ಹೆಚ್ಚುತ್ತದೆ. ಬಾಡಿಗೆ ಮನೆಯಲ್ಲಿ ಸಬ್‌ವೂಫರ್, ಅಂದರೆ ಬೇಸ್ ಸದ್ದಿಗೆಂದೇ ಇರುವ ಸ್ಪೀಕರ್, ಇಡುವ ಮಾಲೀಕರಿಗೆ ನನ್ನದು ಒಂದೇ ಸಲಹೆ: ಇಡಬೇಡಿ.

ಹೊಣೆಯ ಪ್ರಶ್ನೆಗೆ ಬೇರೆ ಬೇರೆ ಆಡಳಿತಗಳು ಕೊಟ್ಟಿರುವ ಉತ್ತರಗಳು ಗಮನಿಸಬೇಕಾದವು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2020ರ ಡಿಸೆಂಬರ್ 18ರಂದು ಅಲ್ಪಾವಧಿ ಬಾಡಿಗೆಯ ನೀತಿಸಂಹಿತೆ ಜಾರಿಗೆ ಬಂತು. ಮಾಲೀಕರಾಗಲಿ ಅತಿಥಿಗಳಾಗಲಿ ಎರಡು ವರ್ಷಗಳ ಒಳಗೆ ಎರಡು ಗಂಭೀರ ಉಲ್ಲಂಘನೆ ಮಾಡಿದರೆ ಅವರ ಹೆಸರು ಬಹಿಷ್ಕಾರದ ಪಟ್ಟಿಗೆ ಸೇರಿ, ಐದು ವರ್ಷ ಅವರು ಈ ವ್ಯವಸ್ಥೆಯಿಂದ ಹೊರಗುಳಿಯಬೇಕಾಗುತ್ತದೆ. ತಪ್ಪು ಮಾಡಿ ಊರು ಬಿಟ್ಟರೆ ಮುಗಿಯಿತು ಎಂಬ ಅತಿಥಿಯ ಧೈರ್ಯಕ್ಕೆ ಇದು ನೇರ ಉತ್ತರ. ಪಕ್ಕದ ವಿಕ್ಟೋರಿಯಾ ರಾಜ್ಯದಲ್ಲಿ 2019ರ ಫೆಬ್ರವರಿ 1ರಿಂದ ಜಾರಿಯಲ್ಲಿರುವ ಕಾನೂನು ಅಪಾರ್ಟ್‌ಮೆಂಟುಗಳಿಗೆ ಸಂಬಂಧಿಸಿದ್ದು. ಗದ್ದಲದಿಂದ ತೊಂದರೆಗೊಳಗಾದ ನಿವಾಸಿಗೆ ಅಲ್ಲಿನ ನ್ಯಾಯಮಂಡಳಿ 2,000 ಆಸ್ಟ್ರೇಲಿಯನ್ ಡಾಲರುಗಳವರೆಗೆ ಪರಿಹಾರ ಕೊಡಿಸಬಹುದು. 24 ತಿಂಗಳೊಳಗೆ ಮೂರು ನೋಟಿಸು ಬಿದ್ದ ಮನೆಯನ್ನು ಅಲ್ಪಾವಧಿ ಬಾಡಿಗೆಗೆ ಕೊಡದಂತೆ ತಡೆಯಬಹುದು. ದಂಡ ಎಂದರೆ ಸರ್ಕಾರದ ಖಜಾನೆಗೆ ಹೋಗುವ ಹಣ ಎಂಬ ರೂಢಿಯ ಕಲ್ಪನೆಯನ್ನು ಬಿಟ್ಟು, ನಿದ್ದೆ ಕಳೆದುಕೊಂಡವರ ಕೈಗೇ ಪರಿಹಾರ ತಲುಪಿಸುವ ಈ ಏರ್ಪಾಡು ನನಗೆ ಮೆಚ್ಚುಗೆಯಾಗಿದೆ.

ಜಪಾನಿನ ದಾರಿ ಬೇರೆ. 2018ರ ಜೂನ್ 15ರಂದು ಜಾರಿಗೆ ಬಂದ ಅಲ್ಲಿನ ವಸತಿ ಬಾಡಿಗೆ ಕಾನೂನು ವರ್ಷಕ್ಕೆ 180 ದಿನಗಳ ಮಿತಿ ಹಾಕಿದ್ದಲ್ಲದೆ, ಸದ್ದಿನ ವಿಚಾರವನ್ನು ಅತಿಥಿಗಳಿಗೆ ವಿವರಿಸುವುದನ್ನು ಮನೆ ನಡೆಸುವವರ ಕರ್ತವ್ಯವನ್ನಾಗಿ ಮಾಡಿತು. ವಿದೇಶಿ ಅತಿಥಿಗಳಿಗೆ ವಿದೇಶಿ ಭಾಷೆಯಲ್ಲೇ ವಿವರಿಸಬೇಕು. ಅಕ್ಕಪಕ್ಕದವರ ದೂರಿಗೆ ಕೂಡಲೇ, ಸರಿಯಾಗಿ ಸ್ಪಂದಿಸಬೇಕು. ಇಲ್ಲಿ ಕಾನೂನು ಗುರುತಿಸಿದ್ದು ಬಹಳ ಸರಳವಾದ ಸತ್ಯವನ್ನು. ಗದ್ದಲ ಮಾಡುವ ಅತಿಥಿಗಳಲ್ಲಿ ಬಹುಪಾಲು ಮಂದಿ ಕೆಟ್ಟವರಲ್ಲ. ಆ ಗೋಡೆ ಎಷ್ಟು ತೆಳು, ಆ ಓಣಿ ಎಷ್ಟು ಹೊತ್ತಿಗೆ ಮಲಗುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಹೇಳುವ ರೀತಿಯಲ್ಲಿಯೂ ವ್ಯತ್ಯಾಸವಿದೆ. "ದಯವಿಟ್ಟು ನೆರೆಹೊರೆಯವರನ್ನು ಗೌರವಿಸಿ" ಎಂಬ ಫಲಕ ಅನೇಕ ಮನೆಗಳ ಗೋಡೆಯಲ್ಲಿ ಇರುತ್ತದೆ. ಅದನ್ನು ಓದಿದ ಅತಿಥಿ, ನಾನು ಗೌರವಿಸುತ್ತಲೇ ಇದ್ದೇನೆ ಎಂದುಕೊಂಡು ತಾರಸಿಗೆ ಹೋಗುತ್ತಾನೆ. ಅದರ ಬದಲು, "ರಾತ್ರಿ 10ರ ನಂತರ ತಾರಸಿಯನ್ನೂ ಹಿತ್ತಿಲನ್ನೂ ಬಳಸುವಂತಿಲ್ಲ, ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿ ತಾರಸಿಗೆ ಎದುರಾಗಿಯೇ ಇದೆ, ಒಳಗಿನ ಹಾಲ್‌ನಲ್ಲಿ ಕಿಟಕಿ ಮುಚ್ಚಿಕೊಂಡು ಎಷ್ಟು ಹೊತ್ತಾದರೂ ಮಾತನಾಡಬಹುದು" ಎಂದು ಬರೆದರೆ ಏನು ಮಾಡಬಾರದು, ಯಾಕೆ ಮಾಡಬಾರದು, ಬದಲಿಗೆ ಏನು ಮಾಡಬಹುದು ಎಂಬ ಮೂರೂ ಅವನಿಗೆ ತಿಳಿಯುತ್ತವೆ. ಆ ಮೂರನೆಯದನ್ನು ಮಾಲೀಕರು ಸಾಮಾನ್ಯವಾಗಿ ಮರೆಯುತ್ತಾರೆ. ಹೋಗಲು ಇನ್ನೊಂದು ಜಾಗ ತೋರಿಸದೆ ಇಲ್ಲಿಂದ ಎದ್ದೇಳಿ ಎಂದರೆ ಜಗಳವೇ ಆಗುತ್ತದೆ. ಈ ಮಾತುಗಳು ಬುಕಿಂಗ್ ಪುಟದಲ್ಲೂ ಇರಬೇಕು, ಬರುವ ದಿನದ ಸಂದೇಶದಲ್ಲೂ ಇರಬೇಕು, ತಾರಸಿಯ ಬಾಗಿಲ ಮೇಲೂ ಇರಬೇಕು. ಹಣ ಕಟ್ಟುವ ಮೊದಲೇ ಓದಿದ ನಿಯಮಕ್ಕೂ ರಾತ್ರಿ ಹನ್ನೊಂದೂವರೆಗೆ ಮೊದಲ ಬಾರಿ ಕೇಳಿದ ನಿಯಮಕ್ಕೂ ಅಜಗಜಾಂತರ.

ಬುಕಿಂಗ್ ವೇದಿಕೆಗಳು ತಮ್ಮದೇ ಕಟ್ಟಳೆಗಳನ್ನು ಹೇರಿವೆ. 2019ರ ಅಕ್ಟೋಬರ್ 31ರ ರಾತ್ರಿ ಕ್ಯಾಲಿಫೋರ್ನಿಯಾದ ಒರಿಂಡಾ ಎಂಬ ಊರಿನ ಬಾಡಿಗೆ ಮನೆಯೊಂದರ ಪಾರ್ಟಿಯಲ್ಲಿ ಗುಂಡಿನ ದಾಳಿ ನಡೆದು ಐವರು ಸತ್ತರು. ಆ ಬಳಿಕ ಏರ್‌ಬಿಎನ್‌ಬಿ ಸಂಸ್ಥೆ ಪಾರ್ಟಿ ಮನೆಗಳ ಮೇಲೆ ನಿರ್ಬಂಧ ತಂದು, 2020ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ತನ್ನ ಮನೆಗಳಲ್ಲಿ ಪಾರ್ಟಿಗಳನ್ನು ನಿಷೇಧಿಸಿತು. 2022ರ ಜೂನ್‌ನಲ್ಲಿ ಆ ನಿಷೇಧವನ್ನು ಖಾಯಂ ಮಾಡಿತು. ಸದ್ದು ಅಳೆಯುವ ಸಾಧನಗಳ ಬಗ್ಗೆಯೂ ಅದರ ನಿಯಮ ಸ್ಪಷ್ಟವಾಗಿದೆ. ಮನೆಯೊಳಗಿನ ಕ್ಯಾಮೆರಾಗಳು 2024ರ ಏಪ್ರಿಲ್ 30ರಿಂದ ಪೂರ್ತಿಯಾಗಿ ನಿಷಿದ್ಧ. ಡೆಸಿಬೆಲ್ ಮಾತ್ರ ಅಳೆಯುವ ಸಾಧನವನ್ನು ಹಾಲ್‌ನಂಥ ಸಾಮಾನ್ಯ ಜಾಗದಲ್ಲಿ, ಮೊದಲೇ ತಿಳಿಸಿ ಇಡಬಹುದು. ಮಲಗುವ ಕೋಣೆಯಲ್ಲಿ, ಬಚ್ಚಲಲ್ಲಿ ಇಡುವಂತಿಲ್ಲ. ಇಂಥ ಸಾಧನ ಮಾತನ್ನು ಧ್ವನಿಮುದ್ರಿಸುವುದಿಲ್ಲ, ಸದ್ದಿನ ಮಟ್ಟವನ್ನಷ್ಟೇ ದಾಖಲಿಸುತ್ತದೆ. ಅಳತೆ ಗಡಿ ದಾಟಿ ಹತ್ತು ನಿಮಿಷ ಹಾಗೇ ಉಳಿದರೆ ಮಾಲೀಕರಿಗೆ ಸಂದೇಶ ಹೋಗುವಂತೆ ಹೊಂದಿಸಿಕೊಂಡರೆ, ನೆರೆಯವರು ಫೋನ್ ಎತ್ತಿಕೊಳ್ಳುವ ಮೊದಲೇ ಮಾಲೀಕರು ಅತಿಥಿಗೆ ಒಂದು ಮೃದುವಾದ ಮಾತು ಹೇಳಬಹುದು. ತಿಳಿಸದೆ ಬಚ್ಚಿಟ್ಟರೆ ಮಾತ್ರ ಅದೇ ಸಾಧನ ಅತಿಥಿಯ ಖಾಸಗಿತನದ ಮೇಲಿನ ದಾಳಿಯಾಗುತ್ತದೆ.

ಎಲ್ಲ ನಿಯಮಗಳ ತಿರುಳು ಕೊನೆಗೆ ಒಂದು ಫೋನ್ ನಂಬರಿಗೆ ಬಂದು ನಿಲ್ಲುತ್ತದೆ. ರಾತ್ರಿ ಎತ್ತುವ ನಂಬರು. ಮಾಲೀಕರು ಬೇರೆ ಊರಿನಲ್ಲಿದ್ದರೆ ಕೇರ್‌ಟೇಕರೋ ಹತ್ತಿರದ ನಂಬಿಕಸ್ಥರೋ ಅರ್ಧ ಗಂಟೆಯೊಳಗೆ ಬಾಗಿಲಿಗೆ ಬಂದು ನಿಲ್ಲುವಂತಿರಬೇಕು. ಆ ನಂಬರು ಅತಿಥಿಯ ಬಳಿ ಇದ್ದರೆ ಸಾಲದು, ಅಕ್ಕಪಕ್ಕದ, ಮೇಲಿನ ಕೆಳಗಿನ ಮನೆಯವರ ಬಳಿಯೂ ಇರಬೇಕು. ನೆರೆಯವರು ನೇರವಾಗಿ ಪೊಲೀಸರಿಗೆ ಕರೆ ಮಾಡುವುದು ಬಹಳ ಸಲ ಕೋಪದಿಂದಲ್ಲ, ಕರೆ ಮಾಡಲು ಬೇರೆ ಯಾರೂ ಇಲ್ಲದೆ.

ಕರೆ ಬಂದ ಮೇಲೆ ಅತಿಥಿ ಮಾಡಬೇಕಾದದ್ದು ಹೆಚ್ಚೇನಿಲ್ಲ. ವಾದಕ್ಕೆ ನಿಲ್ಲದೆ ಎಲ್ಲರೂ ಒಳಗೆ ಹೋಗಿ ಕಿಟಕಿ ಮುಚ್ಚಿಕೊಳ್ಳಬೇಕು. ಸ್ಪೀಕರ್ ಇದ್ದರೆ ಸದ್ದು ತಗ್ಗಿಸುವುದಕ್ಕಿಂತ ನಿಲ್ಲಿಸುವುದೇ ಲೇಸು, ಏಕೆಂದರೆ ಒಮ್ಮೆ ಎಚ್ಚರವಾದ ಕಿವಿ ಸಣ್ಣ ಸದ್ದನ್ನೂ ಹುಡುಕಿ ಹಿಡಿಯುತ್ತದೆ. ದೂರು ಸುಳ್ಳೆನಿಸಿದರೆ ಆ ಹೊತ್ತಿನ ಸ್ಥಿತಿಯನ್ನು ಮಾಲೀಕರಿಗೆ ಸಂದೇಶದಲ್ಲಿ ಬರೆದು ಕಳಿಸಿದರೆ ಸಾಕು. ಡೆಪಾಸಿಟ್ ಕಡಿತದ ಪ್ರಶ್ನೆ ಮುಂದೆ ಬಂದಾಗ ಗಂಟೆ ನಿಮಿಷಗಳ ಸಮೇತ ಅದು ದಾಖಲೆಯಾಗಿ ಉಳಿಯುತ್ತದೆ. ಫೋನಿನ ಆ್ಯಪ್‌ನಲ್ಲಿ ಅಳೆದ ಡೆಸಿಬೆಲ್‌ಗೆ ಮಾತ್ರ ಅತಿಯಾದ ಬೆಲೆ ಕೊಡಬಾರದು. ಕ್ಯಾಲಿಬ್ರೇಟ್ ಮಾಡಿಸಿದ ಮೀಟರಿಗೂ ಅದಕ್ಕೂ ಹಲವು ಡೆಸಿಬೆಲ್‌ಗಳ ವ್ಯತ್ಯಾಸ ಇರಬಹುದು, ಬೇಸ್ ಸದ್ದನ್ನು ಫೋನಿನ ಮೈಕು ಸರಿಯಾಗಿ ಹಿಡಿಯುವುದೂ ಇಲ್ಲ.

ನೆರೆಯವರಿಗೂ ಇದೇ ಮಾತು ಸಲ್ಲುತ್ತದೆ. ಅವರ ಕೈಯಲ್ಲಿರುವ ಗಟ್ಟಿ ಸಾಕ್ಷ್ಯವೆಂದರೆ ಒಂದು ಸಾದಾ ನೋಟ್‌ಪುಸ್ತಕ. ಯಾವ ದಿನಾಂಕ, ಎಷ್ಟು ಗಂಟೆಗೆ ಶುರುವಾಗಿ ಎಷ್ಟಕ್ಕೆ ನಿಂತಿತು, ಯಾವ ಬಗೆಯ ಸದ್ದು, ಯಾವ ಕೋಣೆಯಲ್ಲಿ ಕಿಟಕಿ ಮುಚ್ಚಿದ್ದಾಗ ಕೇಳಿತೋ ತೆರೆದಿದ್ದಾಗ ಕೇಳಿತೋ, ಯಾರಿಗೆ ಕರೆ ಮಾಡಲಾಯಿತು, ಅವರು ಎಷ್ಟು ಹೊತ್ತಿಗೆ ಏನು ಮಾಡಿದರು ಎಂದು ಆ ರಾತ್ರಿಯೇ ಬರೆದಿಟ್ಟ ನಾಲ್ಕು ಸಾಲು, ಯಾವಾಗಲೂ ಗಲಾಟೆ ಎಂಬ ಒಂದು ಪುಟದ ದೂರಿಗಿಂತ ಹೆಚ್ಚು ತೂಗುತ್ತದೆ. ಮಾಲೀಕರೂ ಅಂಥದ್ದೇ ಒಂದು ಪುಸ್ತಕ ಇಟ್ಟುಕೊಂಡು, ಬಂದ ಕರೆ, ಅತಿಥಿಗೆ ಹೇಳಿದ ಮಾತು, ಸದ್ದು ನಿಂತ ಹೊತ್ತು ಇವನ್ನು ಬರೆದಿಡುವುದು ಒಳ್ಳೆಯದು. ಪರವಾನಗಿ ನವೀಕರಣದ ಸಮಯದಲ್ಲಿ ಅಧಿಕಾರಿಯ ಮೇಜಿನ ಮೇಲೆ ಎರಡೂ ಪುಸ್ತಕಗಳು ಬಂದಾಗ ಅವುಗಳಲ್ಲಿನ ದಿನಾಂಕಗಳು ತಾಳೆಯಾದರೆ, ದೂರು ಬಂದ ಹದಿನೈದು ನಿಮಿಷದಲ್ಲಿ ಸದ್ದು ನಿಂತಿತ್ತೆಂದು ಎರಡರಲ್ಲೂ ಬರೆದಿದ್ದರೆ, ಆ ಪರವಾನಗಿಯನ್ನು ತಡೆಹಿಡಿಯುವುದಕ್ಕೆ ಅಧಿಕಾರಿಗೆ ಹೆಚ್ಚಿನ ಕಾರಣ ಉಳಿಯುವುದಿಲ್ಲ.